ಮೂರು ಖಾತೆ, ಒಂದು ಸಾಲು

ಮಂಡಕ್ಕಿ ಅಂಗಡಿಯ ಮೇಲಿನ ಕೋಣೆ ನನ್ನದು.
ಕೆಳಗೆ ಬಾಣಲಿಗೆ ಮೆಣಸಿನಕಾಯಿ ಬಿದ್ದಾಗೆಲ್ಲ
ಮೇಲೆ ಸೀನು, ಒಂದು ಕಾಮಾ ತಪ್ಪುತ್ತದೆ.

ಕೊಟ್ರಪ್ಪನವರು ಮೂರು ರಿಜಿಸ್ಟರು ತಂದರು
ಹಳೇ ಲುಂಗಿಯಲ್ಲಿ ಗಂಟು ಕಟ್ಟಿ, ಹೆಗಲಿಗೇರಿಸಿ,
ಜಾಲಿನಗರದಿಂದ ನಡೆದೇ.
ನೂಲು ಖಾತೆ. ನೇಯ್ಗೆ ಖಾತೆ. ಬದಲಿ ಖಾತೆ.
ಬಿಚ್ಚಿದರೆ ಹಾಳೆಗಳ ಸಂದಿಯಲ್ಲಿ ಇನ್ನೂ ಅರಳೆಯ ಎಳೆ;
ಮಿಲ್ಲು ಮುಚ್ಚಿದಾಗ ನಾನು ಹುಟ್ಟಿರಲಿಲ್ಲ.

"ಎಲ್ಲಾರೂ ಒಂದ ಪುಟದಾಗ ಬರಬೇಕವ್ವ.
ಮೊಬೈಲಿನಾಗ ಒತ್ತಿದ್ರ ಸಾಲಾಗಿ ನಿಲ್ಲಬೇಕು,
ಸೈರನ್ ಕೂಗಿದ ಮ್ಯಾಲ ಗೇಟಿನ ಮುಂದ
ನಿಲ್ತಿದ್ವಲ್ಲ, ಹಂಗ."

ಒಂದು ತಿಂಗಳು ಟೈಪು ಮಾಡಿದೆ.
ಮೂರು ಟೇಬಲ್ಲಿಗೆ ಮೂರು ಕ್ವೆರಿ.
ಕೂಡಿಸುವ ಮಾತಿಗೆ ಇದರ ಭಾಷೆಯಲ್ಲಿ
ಯೂನಿಯನ್ ಅಂತಲೇ ಹೆಸರು ಅಂದೆ.
ಒರಗಿದ್ದವರು ನೆಟ್ಟಗೆ ಕೂತರು:
"ಯೂನಿಯನ್ನಾ? ಅದು ಬೋನಸ್ಸಿನ ವರ್ಷ
ಎರಡು ಹೋಳಾತಲ್ಲವ್ವ!"

ಇದಕ್ಕೂ ಒಂದು ಹಟ ಇದೆ:
ಬರುವವರೆಲ್ಲ ಅಷ್ಟೇ ಕಾಲಮ್ಮು ತರಬೇಕು.
ನೂಲಿನವರಿಗೆ, ನೇಯ್ಗೆಯವರಿಗೆ ಸೇರಿದ ತಾರೀಖಿದೆ.
ಬದಲಿಯವರಿಗೆ ಎಲ್ಲಿಯದು?
ಐದು ಗಂಟೆಗೇ ಬಂದು ಗೇಟಿನ ಹೊರಗೆ ಕಾಯುವುದು,
ಯಾರೋ ಜ್ವರ ಬಂದು ಮಲಗಿದರೆ ಒಳಗೆ,
ಎಲ್ಲರೂ ಗಟ್ಟಿಯಾಗಿದ್ದರೆ ವಾಪಸು ಮನೆಗೆ.
ಆ ಜಾಗಕ್ಕೆಲ್ಲ ನಲ್ ತುಂಬಿದೆ.
ಸೊನ್ನೆಯಲ್ಲ ಅದು. ಗೊತ್ತಿಲ್ಲ
ಎಂಬುದಕ್ಕೆ ಯಂತ್ರ ಇಟ್ಟುಕೊಂಡ ಗುರುತು.

ಎಂಟರ್ ಒತ್ತಿದೆ. ಆರುನೂರ ಹನ್ನೆರಡು.
ಕೊಟ್ರಪ್ಪ ಬೆರಳ ಗೆಣ್ಣು ಎಣಿಸಿದರು:
ಇನ್ನೂರೆಂಬತ್ತು, ಇನ್ನೂರ ಮೂವತ್ತೈದು, ತೊಂಬತ್ತೆಂಟು.
"ಒಬ್ಬ ಕಮ್ಮಿ."

ಸಂಜೆ ಕರೆಂಟು ಹೋಗಿ
ಯುಪಿಎಸ್ಸು ಕುಂಯ್ ಕುಂಯ್ ಅನ್ನುವವರೆಗೂ ಹುಡುಕಿದೆವು.
ದುರುಗಪ್ಪ, ತಂದೆ ಬರಮಪ್ಪ, ನೇಯ್ಗೆ, ಜೂನ್ ಏಳು.
ಅದರ ಕೆಳಗೇ
ದುರುಗಪ್ಪ, ತಂದೆ ಬರಮಪ್ಪ, ನೇಯ್ಗೆ, ಜೂನ್ ಏಳು.
ನಾನಾದರೆ ಕಾರಕೂನ ಎರಡು ಸಲ ಬರೆದ ಅನ್ನುತ್ತಿದ್ದೆ.
"ಇಬ್ರು ಅದಾರವ್ವ, ಆನಗೋಡಿನವರು,
ಒಂದ ಬಸ್ಸಿಗೆ ಬಂದು ಸೇರಿದವರು.
ಒಬ್ಬಗ ಎರಡು ಬೆರಳಿಲ್ಲ, ಮಗ್ಗ ತಿಂತು."

ಬೆರಳಿನ ಕಾಲಮ್ಮು ನಾನು ಮಾಡಿರಲಿಲ್ಲ.
ಎಲ್ಲ ಕಾಲಮ್ಮೂ ಒಂದೇ ಆದವರನ್ನು
ಯೂನಿಯನ್ ಒಬ್ಬರೆಂದೇ ಬಗೆಯುತ್ತದೆ.
ಕೇಳುವುದಿಲ್ಲ, ಎಚ್ಚರಿಸುವುದೂ ಇಲ್ಲ.
ಅದರ ಪಕ್ಕ ಆಲ್ ಎಂದು ಸೇರಿಸಿದೆ.
ಆರುನೂರ ಹದಿಮೂರು.
ಎರಡನೆಯ ದುರುಗಪ್ಪ ಸದ್ದಿಲ್ಲದೆ ಬಂದು ನಿಂತ.

ಇನ್ನು ಯಾರ ಹಿಂದೆ ಯಾರು?
ನೇಯ್ಗೆ ಖಾತೆಯಲ್ಲಿ ಜಾಬರುಗಳು ಮೊದಲು,
ನೂಲಿನಲ್ಲಿ ಮಾಲೀಕರ ಊರಿನವರು.
ಒಂದೊಂದು ಕಂಸದೊಳಗಿನ ಆ ಕ್ರಮ
ಕೂಡಿದ ಮೇಲೆ ಉಳಿಯುವ ಭರವಸೆಯಿಲ್ಲ.
ಎಲ್ಲ ಕಂಸ ಮುಚ್ಚಿದ ಮೇಲೆ, ಕೊನೆಗೆ,
ಒಂದೇ ಸಲ ಹೇಳಬೇಕು.
ಹೇಳಿದೆ: ಸೇರಿದ ತಾರೀಖಿನಂತೆ.

ಕೊಟ್ರಪ್ಪ ಹೆಬ್ಬೆರಳಲ್ಲಿ ಪುಟ ತಳ್ಳುತ್ತ ಹೋದರು.
ನೇಯ್ಗೆ ಖಾತೆಯ ಮೂರನೆಯ ಹೆಸರು ಅವರದು.
"ನಾ ಎಲ್ಲಿ ಹೋದೆ?"
ನೂರ ಮೂವತ್ತೊಂದಕ್ಕೆ ಸಿಕ್ಕರು.
ಮೇಲೆ, ಮೊದಲ ಸಾಲಿನಿಂದ ತೊಂಬತ್ತೆಂಟರವರೆಗೆ,
ಬರೀ ಬದಲಿಯವರು. ಗೊತ್ತಿಲ್ಲದ ತಾರೀಖನ್ನು
ನಮ್ಮ ಡೇಟಾಬೇಸು ಎಲ್ಲದಕ್ಕಿಂತ ಮೊದಲಿಡುತ್ತದೆ.

ಒಂದೇ ಮಾತು ಸೇರಿಸಿದರೆ ಕೆಳಕ್ಕೆ ಹೋಗುತ್ತಾರೆ, ಸೇರಿಸಲಾ?
ಅವರು ಕನ್ನಡಕ ತೆಗೆದು ಲುಂಗಿಯ ತುದಿಗೆ ಒರೆಸಿದರು.
ಮತ್ತೆ ಹಾಕಿಕೊಂಡು ಮತ್ತೆ ಒರೆಸಿದರು.
"ಬ್ಯಾಡ. ನಾವು ಬರೋದ್ರಾಗ
ಅವರು ಬಂದೇ ಇರ್ತಿದ್ರು."

ಹಾಲಮ್ಮ ಎರಡು ಕಡೆ ಇದ್ದಾಳೆ ಎಂದೆ,
ಬದಲಿಯಲ್ಲೊಮ್ಮೆ, ಕಾಯಂ ಆದ ಮೇಲೆ ನೂಲಿನಲ್ಲೊಮ್ಮೆ.
ಒಬ್ಬಳೇ ತಾನೆ, ಒಂದು ಅಳಿಸಲಾ?
"ಯಾವ್ದು ಅಳಸ್ತಿ?"

ನನಗೆ ಹೊಳೆಯಲಿಲ್ಲ.
ಸೇವ್ ಮಾಡಿದೆ.

ಗಂಟು ಕಟ್ಟಿಕೊಂಡು ಮೆಟ್ಟಿಲಿಳಿದರು.
ಕೆಳಗೆ ಒಗ್ಗರಣೆ ಮಂಡಕ್ಕಿಗೆ ಚಿಲ್ಲರೆ ಎಣಿಸುತ್ತ
ಅಂಗಡಿಯವನಿಗೆ ಹೇಳುತ್ತಿದ್ದದ್ದು ಕೇಳಿಸಿತು:
"ನಿಮ್ಮವ್ವ ಎರಡು ಸಲ ಬಂದಾಳ ನೋಡಪ."